ಉಬ್ಬಸವುಳ್ಳ ಬಾಲಿಕೆಯರೂ ಓಟವೂ

ಆಟೋಟಗಳ ದಿನವು ಬಂತೆಂದರೆ ನಮ್ಮ ಬಾಲಿಕೆಯರಲ್ಲಿ ಒಬ್ಬಿಬ್ಬರು ಮನೆಯಿಂದ ಚೀಟಿ ತಂದು ಕಟ್ಟೆಯ ಮೇಲೆ ಕೂಡುವದು ವಾಡಿಕೆಯಾಗಿ ಹೋಗಿದೆ. ‘ಮಗಳಿಗೆ ದಮ್ಮು ಉಂಟು, ಓಡಿಸಬಾರದು’ ಎಂಬಷ್ಟೇ ಆ ಚೀಟಿಯ ಒಕ್ಕಣೆಯು. ಬರೆದವರ ಪ್ರೀತಿಯನ್ನು ನಾವು ಸಂಶಯಿಸುವದಿಲ್ಲ. ರಾತ್ರಿಯೆಲ್ಲ ಮಗುವನ್ನು ದಿಂಬಿಗೆ ಒರಗಿಸಿಕೊಂಡು ಕೂತ ತಾಯಿಗೆ ಓಟವೆಂಬ ಮಾತೇ ಭಯ ಹುಟ್ಟಿಸುವದು ಸಹಜವು. ಆದಾಗ್ಯೂ ಆ ಚೀಟಿಯು ಮಗುವಿಗೆ ಹಿತವನ್ನು ಮಾಡುವದಿಲ್ಲವೆಂಬದು ನಮ್ಮ ಅಭಿಪ್ರಾಯವು. ಅದರ ಕಾರಣಗಳನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಇಡುತ್ತೇವೆ.

ನಮ್ಮ ಸೀಮೆಯಲ್ಲಿ ಉಸಿರಿಗೆ ಉಪದ್ರವ ಕೊಡುವ ಸಂಗತಿಗಳಿಗೆ ಕೊರತೆಯಿಲ್ಲ. ಗದಗಿನ ಹತ್ತಿಯ ದೂಳು, ಲಕ್ಷ್ಮೇಶ್ವರ-ಶಿರಹಟ್ಟಿಗಳ ಎರೆಹೊಲಗಳಲ್ಲಿ ಸುಗ್ಗಿಯ ಹೊಟ್ಟು, ಒಲೆಯ ಹೊಗೆ, ಮಳೆಗಾಲದ ತರುವಾಯ ದಾರಿಯುದ್ದಕ್ಕೂ ಹೂ ಬಿಡುವ ಕಾಂಗ್ರೆಸ್ ಕಸ, ಇವೆಲ್ಲವೂ ಉಬ್ಬಸವನ್ನು ಕೆರಳಿಸಬಲ್ಲವು. ಮುಂಡರಗಿಯ ಕಡೆಗೆ ಕಪ್ಪತಗುಡ್ಡದ ಗಾಳಿಯು ನಿರ್ಮಲವಾಗಿದ್ದರೂ ಚಳಿಗಾಲದ ನಸುಕಿನಲ್ಲಿ ಅದು ಒಣಗಿ ತಣ್ಣಗಾಗಿರುತ್ತದೆ. ಓಡುವವಳು ಬಾಯಿಂದ ಉಸಿರಾಡುವಳು, ಆಗ ಮೂಗಿನಲ್ಲಿ ಬೆಚ್ಚಗಾಗದ ಗಾಳಿಯು ನೇರವಾಗಿ ಶ್ವಾಸನಾಳಗಳಿಗೆ ಹೊಕ್ಕು ಅವುಗಳ ತೇವವನ್ನು ಹೀರುವದು, ನಾಳಗಳು ಬಿಗಿದುಕೊಳ್ಳುವವು. ಓಟದಿಂದ ಎದೆ ಕಟ್ಟುವದರ ಗುಟ್ಟು ಇದೇ. ಇದು ಹೆಚ್ಚಾಗಿ ಓಟ ನಿಂತ ಕೆಲವೇ ನಿಮಿಷಗಳಲ್ಲಿ ಬಲವಾಗಿ, ಅರ್ಧ ಅಥವಾ ಒಂದು ತಾಸಿನೊಳಗೆ ಇಳಿಯುತ್ತದೆ. ಗುಟ್ಟು ತಿಳಿದ ಮೇಲೆ ಉಪಾಯವೂ ಉಂಟು.

ಉಪಾಯವುಂಟೆಂಬದಕ್ಕೆ ಸಾಕ್ಷಿಗಳು ಬೇಕೆ? 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಅಮೇರಿಕೆಯ 597 ಆಟಗಾರರ ಪೈಕಿ 67 ಮಂದಿಗೆ ಶ್ರಮದಿಂದ ಉಸಿರು ಕಟ್ಟುವ ಬಾಧೆ ಇತ್ತು. ಅವರೇ 41 ಪದಕಗಳನ್ನು ಗೆದ್ದರು. ಇಂಗ್ಲೆಂಡಿನ ಪೌಲಾ ರಾಡ್‌ಕ್ಲಿಫ್ ಎಂಬಾಕೆಗೆ ಬಾಲ್ಯದಿಂದಲೇ ಉಬ್ಬಸ. ಆಕೆಯು 2003ರಲ್ಲಿ ಲಂಡನ್ನಿನ ಮ್ಯಾರಥಾನ್ ಓಟವನ್ನು 2 ತಾಸು 15 ನಿಮಿಷ 25 ಸೆಕೆಂಡುಗಳಲ್ಲಿ ಮುಗಿಸಿದಳು. ಆ ದಾಖಲೆಯು 2019ರ ವರೆಗೆ ಮುರಿಯಲಿಲ್ಲ. ನಮ್ಮ ಬಾಲಿಕೆಯರು ದಾಖಲೆ ಮಾಡಲೆಂದು ನಾವು ಬಯಸುವದಿಲ್ಲ. ಭೀಷ್ಮ ಕೆರೆಯ ದಂಡೆಯಲ್ಲಿ ಗೆಳತಿಯರೊಡನೆ ಸಂತೋಷದಿಂದ ಓಡಿ ಬಂದರೆ ಸಾಕು.

ಅದಕ್ಕೆ ತಕ್ಕ ಕ್ರಮಗಳು ಇವು. ವೈದ್ಯರು ಹೇಳಿದ ನಿತ್ಯದ ಔಷಧವನ್ನು, ಎಂದರೆ ನಾಳಗಳ ಉರಿತವನ್ನು ತಗ್ಗಿಸುವ ಪಂಪನ್ನು, ಗುಣವಾಯಿತೆಂದು ನಡುವೆ ಬಿಡಬಾರದು; ಸೇದಿದ ಮೇಲೆ ಬಾಯಿ ಮುಕ್ಕಳಿಸಬೇಕು. ಕೂಡಲೇ ಉಸಿರು ಬಿಡಿಸುವ ಸಾಲ್ಬುಟಮಾಲ್ ಪಂಪೊಂದನ್ನೇ ನಂಬಿರಬಾರದೆಂದು ಜಾಗತಿಕ ತಜ್ಞರು 2019ರಿಂದ ಸ್ಪಷ್ಟವಾಗಿ ಹೇಳಿದ್ದಾರೆ. ವೈದ್ಯರ ಅಪ್ಪಣೆಯಿದ್ದರೆ ಓಟಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಅದನ್ನು ಸೇದಬಹುದು. ಆಮೇಲೆ ಹತ್ತು ನಿಮಿಷ ನಡೆದು, ನಡುನಡುವೆ ಸ್ವಲ್ಪ ಸ್ವಲ್ಪ ಓಡಿ, ಮೈ ಬೆಚ್ಚಗಾದ ಬಳಿಕವೇ ವೇಗ ಹೆಚ್ಚಿಸಬೇಕು. ನಿಲ್ಲುವಾಗಲೂ ಹಾಗೆಯೇ ಮೆಲ್ಲಗೆ ನಿಲ್ಲಬೇಕು. ಚಳಿಯಲ್ಲಿ ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳುವದು ಒಳಿತು. ನೆಗಡಿ, ಕೆಮ್ಮು, ರಾತ್ರಿಯ ಉಬ್ಬಸಗಳಿದ್ದ ದಿನ ಓಟಕ್ಕೆ ವಿಶ್ರಾಂತಿ. ಎದೆ ಬಿಗಿದರೆ ಓಟ ನಿಲ್ಲಿಸಿ, ನೆಟ್ಟಗೆ ಕೂತು ಪಂಪು ಸೇದಬೇಕು. ಅದರಿಂದಲೂ ಇಳಿಯದೆ, ಒಂದು ಮಾತನ್ನು ಪೂರ್ತಿ ಆಡಲಿಕ್ಕೆ ಆಗದಿದ್ದರೆ, ತುಟಿ ನೀಲಿಯಾದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಈಗ ಕಠಿಣವಾದ ಮಾತು. ಪಂಪು ಚಟವಾಗುವದೆಂದು ಅನೇಕರು ಅಂಜುತ್ತಾರೆ, ಅದು ಸುಳ್ಳು. ಸಾಲ್ಬುಟಮಾಲ್ ಗುಳಿಗೆಯಲ್ಲಿ 2 ಅಥವಾ 4 ಮಿಲಿಗ್ರಾಂ ಔಷಧವಿದ್ದರೆ ಪಂಪಿನ ಒಂದು ಸೇದಿಕೆಯಲ್ಲಿ ಅದರ ಇಪ್ಪತ್ತನೆಯ ಇಲ್ಲವೆ ನಾಲ್ವತ್ತನೆಯ ಪಾಲು ಮಾತ್ರ ಇರುವದು. ಮೃಗಶಿರಾ ಮಳೆಯ ಹೊತ್ತಿಗೆ ಮೀನಿನ ಔಷಧಕ್ಕೆಂದು ಹೈದರಾಬಾದಿಗೆ ಹೋಗುವ ನಾವು, ಔಷಧದ ಅಂಗಡಿಯಲ್ಲಿ ದೊರೆಯುವ ಪಂಪಿಗೆ ನಾಚುವದೇಕೆ? ನಾಚಿಕೆಯ ಬೇರು ಬೇರೆ ಕಡೆಗಿದೆ: ಕನ್ಯೆ ನೋಡಲು ಬಂದವರಿಗೆ ತಿಳಿದೀತೆಂಬ ಭಯವು! ಗಂಡುಮಗನ ಪಂಪು ಅಂಗಿಯ ಕಿಸೆಯಲ್ಲಿರುವದು. ಹೆಣ್ಣುಮಗಳದು ಅರಿವೆಯ ಗಂಟಿನ ಅಡಿಯಲ್ಲಿ. ಬಚ್ಚಿಟ್ಟ ಔಷಧವು ಬೇಕಾದ ಗಳಿಗೆಗೆ ಕೈಗೆ ಸಿಕ್ಕದು. ಮನೆತನದ ಮಾನಕ್ಕಾಗಿ ಮಗಳ ಉಸಿರನ್ನು ಒತ್ತೆಯಿಡುವದು ಯಾವ ಧರ್ಮವು?

ಆದಕಾರಣ ಪಾಲಕರೊಡನೆ ನಮ್ಮ ವಿಜ್ಞಾಪನೆ ಏನಂದರೆ, ವಿನಾಯಿತಿಯ ಚೀಟಿಯ ಬದಲು ವೈದ್ಯರ ಕ್ರಮದ ಚೀಟಿಯನ್ನು ಕಳುಹಿಸಿರಿ. ಶಾಲೆಯವರೂ ಆ ಪಂಪನ್ನು ಕಚೇರಿಯ ಕಪಾಟಿನಲ್ಲಿ ಕೀಲಿ ಹಾಕಿಡದೆ ಬಾಲಿಕೆಯ ಬಳಿಯಲ್ಲೇ ಇರಗೊಡಬೇಕು. ಕಸರತ್ತಿನ ಶಿಕ್ಷಕಿಯರು ಅದರ ಉಪಯೋಗವನ್ನು ಕಲಿತಿರಬೇಕು. ಅಪೊಸ್ತಲನಾದ ಪೌಲನು ಭಕ್ತರ ಬಾಳನ್ನು ಓಟಕ್ಕೆ ಹೋಲಿಸಿದ್ದನ್ನು ನಮ್ಮ ಬಾಲಿಕೆಯರು ಬೆಳಗಿನ ಪ್ರಾರ್ಥನೆಯಲ್ಲಿ ಕೇಳುತ್ತಾರೆ. ಅದನ್ನು ಕೇಳಿ ಬಂದವರಲ್ಲಿ ಒಬ್ಬಳನ್ನೂ ಕಟ್ಟೆಯ ಮೇಲೆ ಕೂಡ್ರಿಸದಿರೋಣ. ಉಸಿರನ್ನು ಕೊಟ್ಟ ದೇವರು ಅದನ್ನು ಜೋಪಾನ ಮಾಡುವ ಬುದ್ಧಿಯನ್ನೂ ನಮಗೆ ಕೊಡಲಿ.