ಕಾಡುಹಕ್ಕಿಯ ಬೇಸಾಯ

ವಿಸ್ಕಿ ಬಾಟಲಿಯೊಂದರ ಮೇಲೆ ಕಂದುಗೆಂಪು ಹಕ್ಕಿ ಎದೆಯುಬ್ಬಿಸಿ ನಿಂತಿರುವುದನ್ನು ನೀವು ಕಂಡಿರಬಹುದು. ಅದು ರೆಡ್ ಗ್ರೌಸ್. ನಮ್ಮ ನವಿಲು, ಕಾಡುಕೋಳಿಗಳ ಬಳಗದ್ದೇ ಆದರೂ ಬ್ರಿಟನ್ ಮತ್ತು ಐರ್ಲೆಂಡ್ ಬಿಟ್ಟರೆ ಬೇರೆಲ್ಲೂ ಇಲ್ಲ. ಉತ್ತರ ಯುರೋಪಿನಲ್ಲಿರುವ ಇದರ ದಾಯಾದಿ ಚಳಿಗಾಲಕ್ಕೆ ಬೆಳ್ಳಗಾಗುತ್ತದೆ. ಇದು ಬಣ್ಣ ಬಿಡುವುದಿಲ್ಲ. ಕಾಲ್ಬೆರಳಿನ ತನಕ ಪುಕ್ಕದ ಕಾಲುಚೀಲ ಮಾತ್ರ ಇದಕ್ಕೂ ಉಂಟು.

ಬ್ರಿಟನ್ನಿನಲ್ಲಿ ಇದರ ಬೇಟೆ ಶುರುವಾಗುವುದು ಆಗಸ್ಟ್ 12ಕ್ಕೆ, ಮುಗಿಯುವುದು ಡಿಸೆಂಬರ್ 10ಕ್ಕೆ. ಆಗಸ್ಟ್ 12 ಬಂತೆಂದರೆ ಹಕ್ಕಿ ಹೊಡೆಯುವುದು ಸರಿಯೋ ತಪ್ಪೋ ಎಂಬ ಜಗಳವೂ ಶುರು. ನನಗನ್ನಿಸುವಂತೆ ಜಗಳದ ಬುಡ ಬಂದೂಕಿನಲ್ಲಿಲ್ಲ. ಒಂದು ಗುಡ್ಡದಲ್ಲಿ ಎಷ್ಟು ಹಕ್ಕಿ ಇರಬೇಕು ಎಂಬ ಲೆಕ್ಕದಲ್ಲಿದೆ.

ನಮ್ಮ ಮಲೆನಾಡಿನ ಹಳೆಯ ಶಿಕಾರಿಯಲ್ಲಿ ಹಳು ಸೋವುತ್ತಿದ್ದರಲ್ಲ, ಅಲ್ಲಿಯೂ ಅದೇ ಕ್ರಮ. ಆಳುಗಳು ಸಾಲಾಗಿ ಬಾವುಟ ಬೀಸುತ್ತ ಬರುತ್ತಾರೆ. ಎದ್ದ ಹಕ್ಕಿಗಳು ಮರೆಯಲ್ಲಿ ನಿಂತ ಕೋವಿಗಳ ಮೇಲೆ ಹಾದುಹೋಗುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ಹಿಂದಿನಿಂದ ತೋಟಾ ತುಂಬುವ ಕೋವಿಯೂ ಸ್ಕಾಟ್ಲೆಂಡಿಗೆ ರೈಲೂ ಬಂದ ಮೇಲೆ ಇದು ಸಿರಿವಂತರ ಹಬ್ಬವಾಯಿತು. ನಾಯಿ ಕಟ್ಟಿಕೊಂಡು ನಡೆಯುವ ಬೇಟೆಗಾರನಿಗೆ ನಾಲ್ಕು ಹಕ್ಕಿ ಸಾಕು. ಸೋವುವ ಬೇಟೆಗೆ ನೂರಾರು ಬೇಕು.

ಫೆಸೆಂಟ್ ಹಕ್ಕಿಯನ್ನಾದರೆ ಗೂಡಿನಲ್ಲಿ ಸಾಕಿ ಬಿಡುತ್ತಾರೆ. ಗ್ರೌಸ್ ಆ ಸಾಕಣೆಗೆ ಒಗ್ಗುವುದಿಲ್ಲ. ಹಾಗಾಗಿ ಹಕ್ಕಿಯ ಬದಲು ಗುಡ್ಡವನ್ನೇ ಸಾಕಬೇಕಾಯಿತು. ಬೆಳೆದ ಹಕ್ಕಿಯ ಮುಖ್ಯ ಆಹಾರ ಹೆದರ್ ಎಂಬ ಕುರುಚಲು ಗಿಡದ ಚಿಗುರು. ಅಡಗುವುದಕ್ಕೆ ಬಲಿತ ಪೊದೆಯೂ ಬೇಕು. ಅದಕ್ಕೆಂದು ಬೇಟೆಗುಡ್ಡ ನೋಡಿಕೊಳ್ಳುವ ಗೇಮ್‌ಕೀಪರುಗಳು ಹೆದರನ್ನು ತುಂಡು ತುಂಡಾಗಿ ಸರದಿಯಲ್ಲಿ ಸುಡುತ್ತಾರೆ. ಮೇಲಿನಿಂದ ನೋಡಿದರೆ ಇಡೀ ಗುಡ್ಡ ಕೌದಿ ಹೊದ್ದಂತೆ ಕಾಣುತ್ತದೆ. ನರಿ, ಕಾಗೆಗಳನ್ನು ಕೊಲ್ಲುತ್ತಾರೆ. ಇದರಿಂದ ನೆಲದ ಮೇಲೆ ಮೊಟ್ಟೆಯಿಡುವ ಕರ್ಲ್ಯೂನಂಥ ಹಕ್ಕಿಗಳಿಗೂ ಲಾಭವಾಗುತ್ತದೆ. ಬೇಟೆಯ ವಿರೋಧಿಗಳು ಇದನ್ನು ಒಪ್ಪಿಕೊಳ್ಳುವುದೇ ಸರಿ.

ಆದರೆ ಒತ್ತೊತ್ತಾಗಿ ಬದುಕಿದರೆ ರೋಗ ಬರದೆ ಇರುತ್ತದೆಯೇ? ಕೆಲವು ವರ್ಷಗಳಿಗೊಮ್ಮೆ ಹಕ್ಕಿಗಳು ರಾಶಿ ರಾಶಿಯಾಗಿ ಸಾಯುತ್ತಿದ್ದವು. ಕಾರಣ ಹುಡುಕಲು ಲಾರ್ಡ್ ಲೋವಟ್ ನೇತೃತ್ವದಲ್ಲಿ ಸಮಿತಿಯಾಯಿತು. ಅದಕ್ಕಾಗಿ ಸತ್ತ ಹಕ್ಕಿಗಳನ್ನು ಕೊಯ್ದು ಕೊಯ್ದು ನೋಡಿದವರು ಎಡ್ವರ್ಡ್ ವಿಲ್ಸನ್: 1912ರಲ್ಲಿ ದಕ್ಷಿಣ ಧ್ರುವದಿಂದ ಮರಳುವಾಗ ಕ್ಯಾಪ್ಟನ್ ಸ್ಕಾಟ್ ಜೊತೆ ಹಿಮದಲ್ಲಿ ಪ್ರಾಣ ಬಿಟ್ಟ ಅದೇ ವಿಲ್ಸನ್. ಸಮಿತಿಯ ವರದಿ 1911ರಲ್ಲಿ ಬಂದಾಗ ಅವರು ಅಂಟಾರ್ಕ್ಟಿಕಾದಲ್ಲಿದ್ದರು. ಸಿಕ್ಕ ಅಪರಾಧಿ ಕೂದಲೆಳೆಯಂಥ ಒಂದು ಜಂತು. ನಾರು ಅರಗಿಸಲೆಂದು ಗ್ರೌಸ್‌ನ ಹೊಟ್ಟೆಯಲ್ಲಿರುವ ಎರಡು ಉದ್ದನೆಯ ಕುರುಡುಕರುಳುಗಳೇ ಅದರ ಮನೆ. ಹಿಕ್ಕೆಯೊಡನೆ ಮೊಟ್ಟೆ ನೆಲಕ್ಕೆ ಬೀಳುತ್ತದೆ, ಮರಿಹುಳು ಹೆದರಿನ ತುದಿಗೆ ಹತ್ತುತ್ತದೆ, ಅದೇ ಚಿಗುರನ್ನು ಇನ್ನೊಂದು ಹಕ್ಕಿ ಕುಕ್ಕುತ್ತದೆ. ಹಕ್ಕಿ ಹೆಚ್ಚಾದಷ್ಟೂ ಹುಳುವಿಗೆ ಸುಗ್ಗಿ. ಔಷಧಿ ಕೊಟ್ಟರೆ ಈ ಸಾಮೂಹಿಕ ಸಾವು ತಗ್ಗುತ್ತದೆಂದು 1998ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಮೇವು ಅರೆಯಲು ಹಕ್ಕಿ ನುಂಗುವ ಸಣ್ಣ ಹರಳಿಗೇ ಔಷಧಿ ಸವರಿ ಗುಡ್ಡದ ಮೇಲೆ ಗುಪ್ಪೆಯಿಡುವುದು ಈಗ ಹಲವೆಡೆ ವಾಡಿಕೆ. ಕಾಡುಹಕ್ಕಿಗೆ ಜಂತಿನ ಮದ್ದು!

ಉಳಿದ ಶತ್ರು ಹೆನ್ ಹ್ಯಾರಿಯರ್ ಎಂಬ ಸೆಳೆವ ಹಕ್ಕಿ. ಗ್ರೌಸ್ ಮರಿಗಳು ಅದಕ್ಕೆ ಇಷ್ಟ. ಕಾನೂನಿನ ರಕ್ಷಣೆ ಇದ್ದರೂ ಅದನ್ನು ಗುಟ್ಟಾಗಿ ಕೊಲ್ಲುವುದು ನಿಂತಿಲ್ಲ. ಸ್ಕಾಟ್ಲೆಂಡಿನ ಲ್ಯಾಂಗಮ್‌ನಲ್ಲಿ 1990ರ ದಶಕದಲ್ಲಿ ಅದನ್ನು ಕೊಲ್ಲದೆ ಬಿಟ್ಟು ನೋಡಿದರು. ಹ್ಯಾರಿಯರ್ ಹೆಚ್ಚಿತು, ಗ್ರೌಸ್ ಸೋವುವಷ್ಟು ಉಳಿಯಲಿಲ್ಲ, ಬೇಟೆ ನಿಂತಿತು. ಆ ಗುಡ್ಡದ ದೊಡ್ಡ ಭಾಗವನ್ನು ಮುಂದೆ ಊರಿನವರೇ ಹಣ ಕೂಡಿಸಿ ಕೊಂಡು ನಿಸರ್ಗಧಾಮ ಮಾಡಿದ್ದಾರೆ.

2024ರ ಕಾಯ್ದೆಯ ಬಳಿಕ ಸ್ಕಾಟ್ಲೆಂಡಿನಲ್ಲಿ ಗ್ರೌಸ್ ಬೇಟೆಗೆ ಪರವಾನಗಿ ಬೇಕು. ಅದು ಕೋವಿ ಹಿಡಿದವನ ಹೆಸರಿಗಷ್ಟೇ ಸಿಗುವ ಚೀಟಿಯಲ್ಲ. ಇಂಥ ಜಮೀನಿಗೆ ಎಂದು ಗುರುತು ಹಾಕಿ ಕೊಡುವಂಥದು.