ಟಿಕೆಟು ಕೊಂಡವರ ಮಾತು

ಸಿನಿಮಾ ನೋಡಿ ಹೊರಬಂದವನು ಮೊದಲು ಮಾಡುವ ಕೆಲಸವೆಂದರೆ ಅದರ ಮಾತಾಡುವುದು. ಗಿರಣಿಯ ಪಾಳಿ ಬದಲಾಗುವ ಹೊತ್ತಿನಲ್ಲಿ, ಚಹದಂಗಡಿಯ ಬೆಂಚಿನ ಮೇಲೆ, ಕಿರಾಣಿ ಅಂಗಡಿಯ ತಕ್ಕಡಿಯ ಮುಂದೆ, ನಲ್ಲಿಯ ಬಳಿ ಕೊಡ ಹಿಡಿದು ನಿಂತ ಹೆಂಗಸರ ಸಾಲಿನಲ್ಲಿ ಈ ಮಾತು ನಡೆಯುತ್ತದೆ. ಇದು ಕೆಲಸವಿಲ್ಲದವರ ಹರಟೆ ಎಂದು ಮೂಗು ಮುರಿಯುವ ದೊಡ್ಡವರಿದ್ದಾರೆ. ನಾವು ಅವರ ಗುಂಪಿಗೆ ಸೇರಿದವರಲ್ಲ. ದುಡಿದ ಕಾಸಿನಲ್ಲಿ ಒಂದಿಷ್ಟು ಮುರಿದು ಟಿಕೆಟು ಕೊಂಡವನಿಗೆ ಆ ಚಿತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವ ಹಕ್ಕಿದೆ. ಚಲಚ್ಚಿತ್ರ ವ್ಯಾಪಾರದಲ್ಲಿ ಬಡವನಿಗಿರುವ ಪಾಲು ಇದೊಂದೇ. ಈ ಪಾಲು ಈಗ ಕೈತಪ್ಪುತ್ತಿದೆ. ಆದ್ದರಿಂದಲೇ ಈ ವಾರ ನಾವು ಇದನ್ನು ಕುರಿತು ಬರೆಯುತ್ತಿದ್ದೇವೆ.

ಈಚಿನ ವರ್ಷಗಳಲ್ಲಿ ಒಂದು ವಿಚಿತ್ರ ಕಾಣುತ್ತಿದೆ. ಚಿತ್ರ ಹೇಗಿದೆ ಎಂದು ಕೇಳಿದರೆ, ಎಷ್ಟು ಕೋಟಿ ಬಂತು ಎಂಬ ಉತ್ತರ ಬರುತ್ತದೆ. 2022ರ ಏಪ್ರಿಲ್ 14ರಂದು ‘ಕೆ.ಜಿ.ಎಫ್.’ ಚಿತ್ರದ ಎರಡನೆಯ ಭಾಗ ತೆರೆಗೆ ಬಂತು. ಅದರ ಗಳಿಕೆ ಸಾವಿರ ಕೋಟಿ ದಾಟಿತೆಂದು ಎಲ್ಲ ಕಡೆ ಡಂಗುರ ಸಾರಿದರು. ಮಗ್ಗದ ಮುಂದೆ ನಿಲ್ಲುವ ಹುಡುಗರೂ ಆ ಅಂಕಿಯನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಕನ್ನಡ ಚಿತ್ರವೊಂದು ದೇಶವನ್ನೆಲ್ಲ ಸುತ್ತಿ ಬಂದದ್ದಕ್ಕೆ ಹೆಮ್ಮೆಪಟ್ಟುದು ಸಹಜ. ಅದನ್ನು ನಾವು ಹೀಗಳೆಯುವುದಿಲ್ಲ. ಆದರೆ ಆ ಸಾವಿರ ಕೋಟಿ ಯಾರ ಖಾತೆಗೆ ಸೇರಿತು? ಗಿರಣಿಯ ಮಾಲಿಕನಿಗೆ ಈ ವರ್ಷ ಎಷ್ಟು ಲಾಭ ಬಂತೆಂದು ಕೆಲಸಗಾರನು ಹಿಗ್ಗಿ ಕುಣಿಯುತ್ತಾನೆಯೆ? ತನ್ನ ಬೋನಸ್ಸು ಎಷ್ಟೆಂದು ಕೇಳುತ್ತಾನೆ. ಸಗಟು ವ್ಯಾಪಾರಿಯ ತಿಜೋರಿ ತುಂಬಿದ್ದಕ್ಕೆ ಚಿಲ್ಲರೆ ಅಂಗಡಿಯವನು ಪಟಾಕಿ ಹಾರಿಸುತ್ತಾನೆಯೆ? ಮಾಲು ಹಸನಾಗಿದೆಯೋ ಇಲ್ಲವೋ ಎಂದು ಮೊದಲು ನೋಡುತ್ತಾನೆ. ಎಲ್ಲ ವ್ಯವಹಾರದಲ್ಲೂ ಇರುವ ಈ ಎಚ್ಚರ ಸಿನಿಮಾದ ಬಾಗಿಲಲ್ಲಿ ಮಾತ್ರ ಏಕೆ ಮಾಯವಾಗಬೇಕು? ಗಳಿಕೆಯ ಲೆಕ್ಕ ನಿರ್ಮಾಪಕನದು. ನಮ್ಮ ಲೆಕ್ಕ ಬೇರೆ.

ನಮ್ಮ ಲೆಕ್ಕ ಯಾವುದೆಂಬುದನ್ನು ಇದೇ ‘ಕೆ.ಜಿ.ಎಫ್.’ ಚಿತ್ರದಿಂದ ತೋರಿಸಬಹುದು. ಚಿನ್ನದ ಗಣಿಯಲ್ಲಿ ಗುಲಾಮರಂತೆ ದುಡಿಯುವ ಸಾವಿರಾರು ಜನ. ಚಾವಟಿ ಹಿಡಿದ ಕಾವಲುಗಾರರು. ಇವರ ನಡುವೆ ಹೊರಗಿನಿಂದ ಬಂದ ಒಬ್ಬ ಶೂರ. ಅವನು ಹಳೆಯ ಒಡೆಯನನ್ನು ಕೊಲ್ಲುತ್ತಾನೆ. ಚಿತ್ರಮಂದಿರದಲ್ಲಿ ಶಿಳ್ಳೆ ಬೀಳುತ್ತದೆ. ಬೀಳಲಿ, ದಬ್ಬಾಳಿಕೆ ಮಾಡುವವನು ಮಣ್ಣುಮುಕ್ಕುವುದನ್ನು ಕಂಡು ದುಡಿಯುವ ಜನ ಸಂತೋಷಪಡುವುದರಲ್ಲಿ ತಪ್ಪೇನಿದೆ? ಆದರೆ ಎರಡನೆಯ ಭಾಗಕ್ಕೆ ಬರುವ ಹೊತ್ತಿಗೆ ಆ ಶೂರನೇ ಗಣಿಯ ಧಣಿಯಾಗಿ ಕುಳಿತಿರುತ್ತಾನೆ. ಜನ ಮತ್ತೆ ನೆಲ ಅಗೆಯುತ್ತಿರುತ್ತಾರೆ. ಧಣಿ ಬದಲಾದ, ಹಾರೆ ಹಿಡಿದ ಕೈ ಬದಲಾಗಲಿಲ್ಲ. ಆ ಚಿನ್ನ ಕೊನೆಗೆ ಯಾರದಾಯಿತು ಎಂದು ಒಬ್ಬ ಗಿರಣಿ ಕೆಲಸಗಾರ ಕೇಳಿದರೆ, ಅದು ಎಷ್ಟು ಕೋಟಿಯ ಅಂಕಿಗಿಂತಲೂ ಬೆಲೆಯುಳ್ಳ ವಿಮರ್ಶೆ.

ಚಿತ್ರದವರು ಇದು ಚರಿತ್ರೆಯೆಂದು ಹೇಳಿಲ್ಲ. ಕಥೆ ಕಟ್ಟುವ ಸ್ವಾತಂತ್ರ್ಯ ಅವರಿಗುಂಟು. ಆದರೆ ನಿಜವಾದ ಕೋಲಾರದ ಚಿನ್ನದ ಗಣಿಯ ಕಥೆ ನೋಡುಗನಿಗೆ ಗೊತ್ತಿರಬೇಕು. 1880ರ ಸುಮಾರಿನಿಂದ ಜಾನ್ ಟೇಲರ್ ಎಂಬ ಬ್ರಿಟಿಷ್ ಕಂಪನಿ ಅಲ್ಲಿ ಚಿನ್ನ ತೆಗೆಸಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಬಿಸಿಯಲ್ಲಿ, ಕಲ್ಲಿನ ಧೂಳಿನಲ್ಲಿ ದುಡಿದವರಲ್ಲಿ ಹೆಚ್ಚಿನವರು ತಮಿಳು ನಾಡಿನಿಂದ ಬಂದ ದಲಿತ ಕೂಲಿಗಳು. ಅವರನ್ನು ಬಿಡಿಸಲು ಹೊರಗಿನಿಂದ ಯಾವ ಶೂರನೂ ಬರಲಿಲ್ಲ. ಬೆರಳಚ್ಚು ತೆಗೆದುಕೊಳ್ಳುವ ಕಟ್ಟಳೆಯನ್ನು ವಿರೋಧಿಸಿ 1930ರಲ್ಲಿ ಅವರೇ ಒಟ್ಟಾಗಿ ಕೆಲಸ ನಿಲ್ಲಿಸಿದರು. 1946ರಲ್ಲಿ ಮತ್ತೆ ದೊಡ್ಡ ಮುಷ್ಕರ ಹೂಡಿದರು. 2001ರ ಫೆಬ್ರವರಿ ಕೊನೆಗೆ ಗಣಿಯನ್ನು ಮುಚ್ಚಲಾಯಿತು. ಅಲ್ಲಿ ಒಬ್ಬ ಬಂದು ಎಲ್ಲರನ್ನೂ ಉದ್ಧರಿಸಲಿಲ್ಲ. ಎಲ್ಲರೂ ಸೇರಿ ಒಬ್ಬೊಬ್ಬರನ್ನು ಉಳಿಸಿಕೊಂಡರು. ಇಷ್ಟು ತಿಳಿದವನು ಚಿತ್ರವನ್ನು ಮೆಚ್ಚಿಕೊಂಡೇ ಅದರೊಡನೆ ಜಗಳ ಆಡಬಲ್ಲ. ಮೆಚ್ಚುವುದೂ ಜಗಳವಾಡುವುದೂ ಒಟ್ಟಿಗೆ ಇರಬಾರದೆಂದು ಯಾರು ಹೇಳಿದರು?

ಅದೇ ವರ್ಷ ಸೆಪ್ಟೆಂಬರ್ 30ರಂದು ಬಂದ ‘ಕಾಂತಾರ’ದ ಮಾತೂ ಹಾಗೆಯೇ. ಕರಾವಳಿಯ ದೈವದ ಕೋಲವನ್ನು ದೇಶವೆಲ್ಲ ಬೆರಗಾಗಿ ನೋಡಿತು. ರಿಷಬ್ ಶೆಟ್ಟಿಯವರ ನಟನೆಗೆ ರಾಷ್ಟ್ರಪ್ರಶಸ್ತಿ ಬಂತು. ಆದರೆ ಆ ಚಿತ್ರದ ಬೇರು ಇರುವುದು ನೆಲದ ಪ್ರಶ್ನೆಯಲ್ಲಿ. ಹಿಂದೊಮ್ಮೆ ಅರಸ ಜನರಿಗೆ ಕೊಟ್ಟ ನೆಲವನ್ನು ಅವನ ವಂಶದ ಒಡೆಯ ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಕಬಳಿಸಲು ಹವಣಿಸುತ್ತಾನೆ. ಇನ್ನೊಂದು ಕಡೆ ಅರಣ್ಯ ಇಲಾಖೆ ಬೇಲಿ ಹಾಕಲು ಬರುತ್ತದೆ. ಚಿತ್ರದಲ್ಲಿ ಈ ವ್ಯಾಜ್ಯವನ್ನು ತೀರಿಸುವುದು ದೈವ. ನಮ್ಮ ರಾಜ್ಯದಲ್ಲಿ 1951ರ ಕಾಗೋಡು ಸತ್ಯಾಗ್ರಹ ಕಂಡವರು, 1974ರ ಭೂಸುಧಾರಣೆಯ ತಿದ್ದುಪಡಿಯಾದ ಮೇಲೆ ನ್ಯಾಯಮಂಡಲಿಯ ಮುಂದೆ ಅರ್ಜಿ ಹಿಡಿದು ನಿಂತ ಗೇಣಿದಾರರ ಮಕ್ಕಳು ಈ ಚಿತ್ರ ನೋಡಿದರೆ ಸುಮ್ಮನೆ ಎದ್ದುಬರಲಾರರು. ನೆಲ ಉಳುವವನಿಗೆ ಬಂದದ್ದು ದೈವದ ಆವೇಶದಿಂದಲೋ, ಹೋರಾಟ ಮತ್ತು ಕಾಯಿದೆಯಿಂದಲೋ ಎಂದು ವಾದ ಹೂಡುತ್ತಾರೆ. ದೈವವನ್ನು ನಂಬಿದವರು ಜನರ ಒಗ್ಗಟ್ಟಿಗೆ ಆ ನಂಬಿಕೆಯೇ ಆಸರೆಯಾಯಿತಲ್ಲ ಎಂದು ಉತ್ತರ ಕೊಡುತ್ತಾರೆ. ಎರಡು ಮಾತಿನಲ್ಲೂ ಹುರುಳುಂಟು. ಇಂಥ ವಾದ ಚಹದಂಗಡಿಯಲ್ಲಿ ಒಂದು ಗಂಟೆ ನಡೆದರೆ ಆ ಚಿತ್ರ ಸಾರ್ಥಕವಾಯಿತೆಂದೇ ಹೇಳಬೇಕು.

ದುಡಿಯುವ ಜನಕ್ಕೆ ಹೊಡೆದಾಟ, ಕುಣಿತ ಇಷ್ಟಿದ್ದರೆ ಸಾಕು, ಒಳ್ಳೆಯದು ಅವರಿಗೆ ರುಚಿಸದು ಎಂದು ಪಂಡಿತರು ಹೇಳುವುದುಂಟು. ಈ ಮಾತು ಸುಳ್ಳೆಂಬುದಕ್ಕೆ ಕನ್ನಡ ಚಿತ್ರಗಳ ಇತಿಹಾಸವೇ ಸಾಕ್ಷಿ. 1972ರ ‘ಬಂಗಾರದ ಮನುಷ್ಯ’ದಲ್ಲಿ ಇದ್ದದ್ದೇನು? ಅಕ್ಕನ ಸಂಸಾರವನ್ನು ಎತ್ತಿಹಿಡಿದು, ಬಂಜರು ನೆಲವನ್ನು ಹಸುರು ಮಾಡಿದ ಒಬ್ಬ ರೈತ. ಜನ ಅದನ್ನು ತಿಂಗಳುಗಟ್ಟಲೆ ಮುಗಿಬಿದ್ದು ನೋಡಿದರು. 2006ರ ಡಿಸೆಂಬರ್ ಕೊನೆಗೆ ಬಂದ ‘ಮುಂಗಾರು ಮಳೆ’ಯಲ್ಲಿ ಅಂದಿಗೆ ದೊಡ್ಡ ಹೆಸರಿನ ನಾಯಕನಿರಲಿಲ್ಲ. ನೋಡಿದವರು ನೋಡದವರಿಗೆ ಹೇಳಿ ಅದನ್ನು ವರ್ಷಕ್ಕೂ ಮೀರಿ ಓಡಿಸಿದರು. ಮೊನ್ನೆ 2025ರ ಜುಲೈ 25ರಂದು ತೆರೆಕಂಡ ‘ಸು ಫ್ರಮ್ ಸೋ’ ಕೂಡ ಹಾಗೆಯೇ. ಜೆ. ಪಿ. ತುಮಿನಾಡು ಅವರು ನಿರ್ದೇಶಿಸಿದ ಈ ಚಿತ್ರದಲ್ಲಿ ಕರಾವಳಿಯ ಒಂದು ಹಳ್ಳಿ, ದೆವ್ವ ಹಿಡಿದಂತೆ ನಟಿಸಿ ಸಿಕ್ಕಿಬಿದ್ದ ಒಬ್ಬ ಹುಡುಗ, ಅದನ್ನು ನಂಬಿ ಕಂಗಾಲಾದ ಊರು, ಇಷ್ಟೇ. ದೊಡ್ಡ ನಟರಿಲ್ಲ, ಭಾರಿ ಪ್ರಚಾರವಿಲ್ಲ. ಮೊದಲ ದಿನ ನೋಡಿದವರು ಹೊಟ್ಟೆ ಹಿಡಿದು ನಗುತ್ತ ಹೊರಬಂದರು, ಎರಡನೆಯ ದಿನದಿಂದ ಟಿಕೆಟು ಸಿಗಲಿಲ್ಲ, ಪ್ರದರ್ಶನಗಳನ್ನು ಹೆಚ್ಚಿಸಬೇಕಾಯಿತು. ಈ ಚಿತ್ರವನ್ನು ಗೆಲ್ಲಿಸಿದ್ದು ಬಾಯಿಂದ ಬಾಯಿಗೆ ಹೋದ ಮಾತು. ಜನರ ನಾಲಿಗೆಗೆ ಇಷ್ಟು ಬಲವಿದೆ.

ಬಲವಿರುವಲ್ಲಿಗೆ ಅದನ್ನು ಹಿಡಿಯುವ ಕೈಗಳೂ ಬರುತ್ತವೆ. ನೋಡದೆಯೇ ಹೊಗಳಲು ಕೂಲಿ ಕೊಡುವವರಿದ್ದಾರೆ. ಎದುರಾಳಿ ನಟನ ಚಿತ್ರವನ್ನು ನೋಡದೆಯೇ ತೆಗಳುವ ಅಭಿಮಾನಿ ಪಡೆಗಳಿವೆ. ಮೊಬೈಲಿನಲ್ಲಿ ನಕ್ಷತ್ರ ಒತ್ತಿದವನು ನಿಜವಾಗಿ ಚಿತ್ರ ನೋಡಿದನೋ ಇಲ್ಲವೋ ಹೇಳುವವರಾರು? ಈ ಕಾರಣ ಮುಂದೊಡ್ಡಿ ವಿಮರ್ಶೆಯನ್ನೇ ತಡೆಯಬೇಕೆನ್ನುವವರೂ ಹುಟ್ಟಿಕೊಂಡಿದ್ದಾರೆ. 2024ರಲ್ಲಿ ತಮಿಳು ಚಿತ್ರ ನಿರ್ಮಾಪಕರ ಸಂಘವೊಂದು, ಚಿತ್ರ ಬಿಡುಗಡೆಯಾದ ಮೊದಲ ಮೂರು ದಿನ ವಿಮರ್ಶೆ ಪ್ರಕಟವಾಗದಂತೆ ತಡೆಯಬೇಕೆಂದು ಮದರಾಸು ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಕೇಳಿದ ತಕ್ಷಣ ತಡೆ ಸಿಗಲಿಲ್ಲ. ಆದರೆ ಕೇಳಿದ್ದು ಮೂರೇ ದಿನವೇಕೆ ಎಂಬುದನ್ನು ವಾಚಕರು ಯೋಚಿಸಬೇಕು. ಶುಕ್ರವಾರ, ಶನಿವಾರ, ಭಾನುವಾರ ಈ ಮೂರು ದಿನಗಳಲ್ಲೇ ಹಣದ ಬಹುಭಾಗ ಬಾಚಿಕೊಳ್ಳುವುದು ಈಗಿನ ವ್ಯಾಪಾರದ ರೀತಿ. ಅಷ್ಟರೊಳಗೆ ನೋಡಿದವನ ಮಾತು ನೋಡದವನಿಗೆ ಮುಟ್ಟದಿದ್ದರೆ ಸಾಕು. ಸೋಮವಾರದ ಹೊತ್ತಿಗೆ ಸತ್ಯ ಹೊರಬಂದರೂ ಹಣ ಹೋದದ್ದು ಹೋಯಿತು. ಕಲಬೆರಕೆ ಎಣ್ಣೆ ಮಾರಿದ ಅಂಗಡಿಯವನು, ಮೂರು ದಿನ ಯಾರೂ ರುಚಿಯ ಮಾತಾಡಬಾರದೆಂದು ಕೇಳಿದರೆ ನಮ್ಮ ಪೇಟೆಯ ಜನ ಸುಮ್ಮನಿರುತ್ತಾರೆಯೆ?

ಕೂಲಿ ಹೊಗಳಿಕೆಯನ್ನೂ ಕೂಲಿ ತೆಗಳಿಕೆಯನ್ನೂ ನಾವು ಖಂಡಿಸುತ್ತೇವೆ. ಅದಕ್ಕೆ ಮದ್ದು ಎಲ್ಲರ ಬಾಯಿ ಕಟ್ಟುವುದಲ್ಲ, ನೋಡಿದವರೆಲ್ಲ ಬಾಯಿ ಬಿಡುವುದು. 1970ರ ‘ಸಂಸ್ಕಾರ’ಕ್ಕೆ ಸೆನ್ಸಾರಿನವರು ಮೊದಲು ಅನುಮತಿ ನಿರಾಕರಿಸಿದ್ದರು. ಮುಂದೆ ಅದೇ ಚಿತ್ರ ದೇಶದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಪಡೆಯಿತು. ಜನರಿಗೆ ತೋರಿಸಿ, ಜನರ ಮಾತು ಕೇಳುವುದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ.

ಇನ್ನು ಮುಖ್ಯವಾದ ಮಾತು. ಅಭಿಪ್ರಾಯ ಹೇಳಬೇಕಾದರೆ ಮೊದಲು ಒಳಗೆ ಹೋಗಬೇಕು. ಒಳಗೆ ಹೋಗಲು ಕಾಸು ಬೇಕು. 2025ರ ಸೆಪ್ಟೆಂಬರ್ 12ರಂದು ಕರ್ನಾಟಕ ಸರ್ಕಾರ ಟಿಕೆಟಿನ ದರ ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದೆಂದು ನಿಯಮ ಹೊರಡಿಸಿತು. ಹೆಚ್ಚಿನ ಸವಲತ್ತುಳ್ಳ, 75 ಅಥವಾ ಕಡಿಮೆ ಆಸನಗಳ ಪರದೆಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಮಲ್ಟಿಪ್ಲೆಕ್ಸಿನವರೂ ಕೆಲವು ನಿರ್ಮಾಪಕರೂ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅದೇ ತಿಂಗಳ 23ರಂದು ಮಧ್ಯಂತರ ತಡೆ ಸಿಕ್ಕಿತು. 2017ರಲ್ಲಿಯೂ ಸರ್ಕಾರದ ಇಂಥದೇ ಆಜ್ಞೆ ನ್ಯಾಯಾಲಯದ ಕಟ್ಟೆ ಹತ್ತಿತ್ತು. ನ್ಯಾಯಾಲಯ ತನ್ನ ಕೆಲಸ ಮಾಡಲಿ. ನಾವು ನಮ್ಮ ಲೆಕ್ಕ ಮಾಡೋಣ. 200 ರೂಪಾಯಿಯ ಟಿಕೆಟಿಗೆ ನೂರಕ್ಕೆ ಹದಿನೆಂಟರಂತೆ ತೆರಿಗೆ ಸೇರಿದರೆ 236 ರೂಪಾಯಿ. ಗಂಡ, ಹೆಂಡತಿ, ಎರಡು ಮಕ್ಕಳಿಗೆ 944 ರೂಪಾಯಿ. ಬಸ್ಸಿನ ಖರ್ಚು ಬೇರೆ, ಮಕ್ಕಳ ಬಾಯಿಗೆ ತಿಂಡಿ ಬೇರೆ. ಮಿತಿ ಇಟ್ಟ ದರದಲ್ಲೇ ಈ ಗತಿ. ದೊಡ್ಡ ಚಿತ್ರ ಬಂದ ವಾರ, ಮಿತಿಯಿಲ್ಲದ ಕಡೆ ಕೇಳುವುದೇ ಬೇಡ. ಒಂದು ಸಿನಿಮಾಕ್ಕೆ ಒಂದೆರಡು ದಿನದ ಕೂಲಿ ಹೋದರೆ ಆ ಸಂಸಾರ ವರ್ಷಕ್ಕೆ ಎಷ್ಟು ಚಿತ್ರ ನೋಡೀತು?

ಬಡವರು ಚಿತ್ರಮಂದಿರದಿಂದ ಹೊರಗುಳಿದರೆ ನಷ್ಟ ಅವರ ಮನರಂಜನೆಗೆ ಮಾತ್ರವಲ್ಲ. ಹಿಂದೆ ಟಾಕೀಸಿನ ನೆಲದ ಮೇಲೆ ಕೂತು ನೋಡುತ್ತಿದ್ದವರ ಶಿಳ್ಳೆಗೂ ಮೌನಕ್ಕೂ ಚಿತ್ರ ತೆಗೆಯುವವರು ಅಂಜುತ್ತಿದ್ದರು. ಟಾಕೀಸಿನ ಬಾಗಿಲಲ್ಲಿ ಕಡಲೆಕಾಯಿ ಮಾರುವವನು ಆಟ ಬಿಟ್ಟಾಗ ಹೊರಬರುವವರ ಮುಖ ನೋಡಿಯೇ ಚಿತ್ರ ಎಷ್ಟು ವಾರ ಓಡೀತೆಂದು ಹೇಳಿಬಿಡುತ್ತಿದ್ದ. ಒಂಟಿ ಪರದೆಯ ಟಾಕೀಸುಗಳು ಒಂದೊಂದಾಗಿ ಮುಚ್ಚುತ್ತಿವೆ. ಅವುಗಳೊಡನೆ ಕಡಲೆಕಾಯಿಯವನ, ಸೋಡಾ ಅಂಗಡಿಯವನ, ಸೈಕಲ್ ಸ್ಟ್ಯಾಂಡಿನವನ ಹೊಟ್ಟೆಪಾಡೂ ಹೋಗುತ್ತಿದೆ. ಹೊರಗಿನ ತಿಂಡಿ ಒಳಗೆ ತರಬಾರದೆಂಬ ಮಾಲಿಕರ ಕಟ್ಟಳೆಯನ್ನು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಒಪ್ಪಿತು. ಕುಡಿಯುವ ನೀರನ್ನು ಮಾತ್ರ ಪುಕ್ಕಟೆ ಕೊಡಬೇಕೆಂದಿತು. ದುಬಾರಿ ಟಿಕೆಟು ಕೊಳ್ಳಬಲ್ಲವರ ರುಚಿಯೇ ನಾಡಿನ ರುಚಿಯೆಂದು ಲೆಕ್ಕಕ್ಕೆ ಬಂದರೆ ಚಿತ್ರಗಳೂ ಅವರಿಗಾಗಿಯೇ ತಯಾರಾಗುತ್ತವೆ. ಆಗ ಗಿರಣಿಯವನೂ ಚಿಲ್ಲರೆ ವ್ಯಾಪಾರಿಯೂ ಪರದೆಯ ಮೇಲೆ ನಗೆಪಾಟಲಿಗೆ ಮಾತ್ರ ಬರುತ್ತಾರೆ. ಟಿಕೆಟಿನ ದರಕ್ಕೆ ಮಿತಿ ಬೇಕೆಂದು ನಾವು ಕೇಳುವುದು ಇದಕ್ಕಾಗಿ. ಆ ಮಿತಿ ದಿನಗೂಲಿಯ ಲೆಕ್ಕಕ್ಕೆ ಹೊಂದುವಂತಿರಬೇಕು. 100 ರೂಪಾಯಿಯೊಳಗಿನ ಟಿಕೆಟಿಗೆ ಈಗ ನೂರಕ್ಕೆ ಐದೇ ತೆರಿಗೆ. ಪ್ರತಿ ಚಿತ್ರಮಂದಿರದಲ್ಲಿ ಒಂದಷ್ಟು ಸಾಲುಗಳನ್ನಾದರೂ ಆ ದರದಲ್ಲಿ ಕಡ್ಡಾಯವಾಗಿ ಇಡಬೇಕು. ಸರ್ಕಾರ ಮನಸ್ಸು ಮಾಡಿದರೆ ಇದು ಆಗದ ಕೆಲಸವಲ್ಲ.

ನಮ್ಮ ವಾಚಕರಲ್ಲಿಯೂ ನಮ್ಮದೊಂದು ಮಾತಿದೆ. ನೋಡದೆ ಮಾತಾಡಬೇಡಿ. ನೋಡಿದ ಮೇಲೆ ಮಾತಾಡದೆ ಇರಬೇಡಿ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಬಿಟ್ಟುಬಿಡದೆ ಏಕೆಂದು ಹೇಳಿ. ನಟನ ಜಾತಿಯನ್ನೂ ಭಾಷೆಯನ್ನೂ ಹಿಡಿದು ಚಿತ್ರ ಅಳೆಯಬೇಡಿ. ಅದರಲ್ಲಿ ದುಡಿಯುವವನನ್ನು ಹೇಗೆ ತೋರಿಸಿದ್ದಾರೆ, ಹೆಣ್ಣನ್ನು ಹೇಗೆ ನಡೆಸಿಕೊಂಡಿದ್ದಾರೆ, ಕೊನೆಗೆ ಗೆದ್ದವರು ಯಾರು ಎಂದು ಕೇಳಿ. ಮನೆಯ ಹೆಂಗಸರ ಅಭಿಪ್ರಾಯವನ್ನೂ ಕೇಳಿ. ಗಂಡಸರ ಶಿಳ್ಳೆಯಲ್ಲಿ ಮುಚ್ಚಿಹೋದ ಎಷ್ಟೋ ಸಂಗತಿ ಅವರ ಕಣ್ಣಿಗೆ ಬಿದ್ದಿರುತ್ತದೆ. ಸಂಘದ ಕಚೇರಿಯಲ್ಲಿ ತಿಂಗಳಿಗೊಂದು ಸಂಜೆ ಸೇರಿ, ನೋಡಿದ ಚಿತ್ರದ ಮೇಲೆ ವಾದ ಮಾಡಿದರೆ ಅದು ವ್ಯರ್ಥ ಕಾಲಹರಣವಲ್ಲ. ಸಿನಿಮಾದ ಒಡೆಯನನ್ನು ಪ್ರಶ್ನಿಸಿ ಅಭ್ಯಾಸವಾದ ನಾಲಿಗೆ ಗಿರಣಿಯ ಒಡೆಯನ ಮುಂದೆ ತೊದಲುವುದಿಲ್ಲ.

ಈ ಪತ್ರಿಕೆಯ ಕೊನೆಯ ಪುಟದಲ್ಲಿ ಅಂಥ ಮಾತಿಗೆ ಜಾಗ ಉಂಟು. ಒಂದು ಅಂಚೆ ಕಾರ್ಡಿನಲ್ಲಿ ಹಿಡಿಯುವಷ್ಟು ಬರೆದು ಕಳಿಸಿ. ಯಾವ ಚಿತ್ರ, ಎಲ್ಲಿ ನೋಡಿದಿರಿ, ಟಿಕೆಟಿಗೆ ಎಷ್ಟು ಕೊಟ್ಟಿರಿ, ಕೊಟ್ಟ ಕಾಸಿಗೆ ನ್ಯಾಯ ಸಿಕ್ಕಿತೋ ಇಲ್ಲವೋ, ಇಷ್ಟಿದ್ದರೆ ಸಾಕು. ಕೋಟಿಗಳ ಲೆಕ್ಕವನ್ನು ಮಾತ್ರ ಬರೆಯಬೇಡಿ. ಅದನ್ನು ಬರೆದಿಡಲು ಅವರು ಸಂಬಳ ಕೊಟ್ಟು ಗುಮಾಸ್ತರನ್ನು ಇಟ್ಟುಕೊಂಡಿದ್ದಾರೆ.