ಚಪ್ಪಟೆ ಮಸೂರವೂ ಅದರ ದ್ರವ್ಯವೂ

ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದು ಕಾಗದವನ್ನು ಸುಡದ ಬಾಲಕರು ವಿರಳ. ಆ ಗಾಜು ನಡುವೆ ದಪ್ಪ, ಅಂಚಿನಲ್ಲಿ ತೆಳು. ಆದುದರಿಂದಲೇ ಕಿರಣಗಳು ಬಾಗಿ ಒಂದೆಡೆ ಕೂಡುತ್ತವೆಂದು ಶಾಲೆಯಲ್ಲಿ ಕಲಿಯುತ್ತೇವೆ. ಗಾಜಿನ ಆಕಾರವು ಸ್ಥಿರವಾದುದರಿಂದ ಅದರ ಸಂಗಮದೂರವೂ ಸ್ಥಿರವೇ. ದೂರದ ವಸ್ತುವನ್ನು ಬಿಟ್ಟು ಹತ್ತಿರದ್ದನ್ನು ನೋಡಬೇಕಾದರೆ ಕ್ಯಾಮೆರಾದಲ್ಲಿ ಮಸೂರಗಳನ್ನು ಹಿಂದುಮುಂದು ಸರಿಸಬೇಕು.

ಆದರೆ ಮಸೂರಕ್ಕೆ ದಪ್ಪವು ಅವಶ್ಯವೆ? ಬೆಳಕು ಅಲೆಯಾಗಿರುವುದರಿಂದ, ಆ ಅಲೆಯನ್ನು ನಡುವೆ ಹೆಚ್ಚಾಗಿಯೂ ಅಂಚಿನಲ್ಲಿ ಕಡಮೆಯಾಗಿಯೂ ತಡಮಾಡಿಸುವುದೇ ಮಸೂರದ ಕೆಲಸ. ಈ ತಡವನ್ನು ಬೇರೆ ಉಪಾಯದಿಂದಲೂ ಸಾಧಿಸಬಹುದು. 2016ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಫೆಡೆರಿಕೊ ಕಪಾಸೊ ಮತ್ತು ಸಂಗಡಿಗರು ಚಪ್ಪಟೆ ಗಾಜಿನ ಮೇಲೆ ಟೈಟಾನಿಯಮ್ ಡೈಆಕ್ಸೈಡಿನ ಸೂಕ್ಷ್ಮ ಕಂಬಗಳನ್ನು ನಿಲ್ಲಿಸಿ, ಕಣ್ಣಿಗೆ ಕಾಣುವ ಬೆಳಕನ್ನು ಸಂಗಮಗೊಳಿಸಿದರು. ಕಂಬಗಳ ಎತ್ತರ ಕೇವಲ 600 ನ್ಯಾನೋಮೀಟರ್. ಅವು ನಿಂತ ದಿಕ್ಕು ಸ್ಥಾನಕ್ಕೆ ತಕ್ಕಂತೆ ಬದಲಾಗುತ್ತದೆ. ಅದೇ ದಪ್ಪದ ಕೆಲಸವನ್ನು ಮಾಡುತ್ತದೆ. ಈ ಮಸೂರ ತೆಳುವಾಯಿತು ನಿಜ. ಆದರೆ ಅದರ ಸಂಗಮದೂರ ಮಾತ್ರ ಸ್ಥಿರವಾಗಿಯೇ ಉಳಿಯಿತು.

ಈ ಕೊರತೆಯನ್ನು ನೀಗಿದುದು ಕಂಬಗಳ ವಿನ್ಯಾಸವೊಂದೇ ಅಲ್ಲ, ಕಂಬಗಳ ದ್ರವ್ಯ. ಜರ್ಮೇನಿಯಮ್, ಆಂಟಿಮೊನಿ, ಟೆಲ್ಯೂರಿಯಮ್‌ಗಳ ಒಂದು ಮಿಶ್ರಣ ಮರುಬರೆಯಬಲ್ಲ ಡಿವಿಡಿ ತಟ್ಟೆಗಳಲ್ಲಿ ಬಹುಕಾಲ ಸೇವೆ ಸಲ್ಲಿಸಿತ್ತು. ಹದವಾಗಿ ಕಾಯಿಸಿದರೆ ಅದರ ಪರಮಾಣುಗಳು ಸಾಲುಗೂಡಿ ಸ್ಫಟಿಕವಾಗುತ್ತವೆ. ಕರಗಿಸಿ ತಟ್ಟನೆ ತಣಿಸಿದರೆ ಅಸ್ತವ್ಯಸ್ತವಾಗಿಯೇ ಹೆಪ್ಪುಗಟ್ಟುತ್ತವೆ. ಎರಡು ಸ್ಥಿತಿಗಳಲ್ಲಿ ಬೆಳಕನ್ನು ತಡೆಯುವ ಪರಿಯೂ ಬೇರೆ ಬೇರೆ. ಆದರೆ ಈ ಮಿಶ್ರಣ ಬೆಳಕನ್ನು ಬಹಳವಾಗಿ ಹೀರುತ್ತದೆ. ಬೆಳಕನ್ನು ಹಿಂದಿರುಗಿಸುವ ತಟ್ಟೆಗೆ ಅದು ದೊಡ್ಡ ದೋಷವಲ್ಲ. ಬೆಳಕನ್ನು ದಾಟಿಸಬೇಕಾದ ಮಸೂರಕ್ಕೆ ಮಾರಕ. ಐದು ಪಾಲು ಟೆಲ್ಯೂರಿಯಮ್‌ನಲ್ಲಿ ನಾಲ್ಕು ಪಾಲನ್ನು ತೆಗೆದು ಸೆಲೆನಿಯಮ್ ಸೇರಿಸಿದಾಗ, ಅವಕೆಂಪು ಕಿರಣಗಳಿಗೆ ಎರಡೂ ಸ್ಥಿತಿಗಳಲ್ಲಿ ಪಾರದರ್ಶಕವಾದ ದ್ರವ್ಯ ದೊರಕಿತು. 2021ರಲ್ಲಿ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯವರೂ ಅವರ ಸಹಕಾರಿಗಳೂ ಇದರಿಂದ ಮಾಡಿದ ಮಸೂರವನ್ನು ಪ್ರಕಟಿಸಿದರು. ಅದರ ಸಂಗಮದೂರ ಮೊದಲು 1.5 ಮಿಲಿಮೀಟರ್, ಕಾಯಿಸಿದ ಬಳಿಕ 2 ಮಿಲಿಮೀಟರ್. ಮಸೂರದ ಯಾವ ಭಾಗವೂ ಕದಲಲಿಲ್ಲ!

ಇಂತಹ ಸುದ್ದಿ ಬಂದೊಡನೆ ಗಾಜಿನ ಮಸೂರದ ಕಾಲ ಮುಗಿಯಿತೆಂದು ಸಾರುವವರುಂಟು. ಅದು ಅವಸರದ ಮಾತು. ಆ ಮಸೂರವು ಕೆಲಸ ಮಾಡಿದುದು 5.2 ಮೈಕ್ರೋಮೀಟರ್ ತರಂಗಾಂತರದ ಅವಕೆಂಪು ಬೆಳಕಿನಲ್ಲಿ. ಅದನ್ನು ಬದಲಿಸಿದುದು ಕುಲುಮೆಯ ಶಾಖದಿಂದ. ದೊರೆತ ಸಂಗಮದೂರಗಳು ಎರಡೇ. ಕಣ್ಣಿಗೆ ಕಾಣುವ ಬೆಳಕನ್ನು ಈ ದ್ರವ್ಯವು ಹೀರಿಬಿಡುವುದರಿಂದ ಅಜ್ಜನ ಕನ್ನಡಕಕ್ಕೆ ಇದು ಒದಗದು. ಅವಕೆಂಪು ಕ್ಯಾಮೆರಾಗಳಿಗೆ, ಕದಲುವ ಭಾಗಗಳು ಕೆಟ್ಟರೆ ರಿಪೇರಿಗೆ ದಾರಿಯಿಲ್ಲದ ಉಪಗ್ರಹಗಳಿಗೆ ಇಂತಹ ಮಸೂರ ವರವಾದೀತು.

ಈ ಮಿತಿಗಳಲ್ಲಿ ಮುಖ್ಯವಾದುವು ವಿನ್ಯಾಸದವಲ್ಲ, ದ್ರವ್ಯದವು ಎಂಬುದನ್ನು ಗಮನಿಸಬೇಕು. ಗಣಕಯಂತ್ರವು ಎಷ್ಟು ವಿನ್ಯಾಸಗಳನ್ನಾದರೂ ಬರೆದುಕೊಟ್ಟೀತು; ಹೀರದೆ ದಾಟಿಸುವ, ದಣಿಯದೆ ಬದಲಾಗುವ ದ್ರವ್ಯವನ್ನು ಅಟ್ಟು ನೋಡಿಯೇ ಪಡೆಯಬೇಕು. ಕೀರ್ತಿಯೆಲ್ಲ ಮಸೂರಕ್ಕೆ ಸಲ್ಲುತ್ತದೆ. ಸೆಲೆನಿಯಮ್ ಬೆರೆಸಿದವರನ್ನು ನೆನೆಯುವವರು ಕಡಮೆ. ಇದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ದ್ರವಸ್ಫಟಿಕವೂ ಹೀಗೆ ಬದಲಾಗಬಲ್ಲ ಇನ್ನೊಂದು ದ್ರವ್ಯ. ಅದರ ಒಂದು ಹೊಸ ಬಗೆಯನ್ನು, ತಟ್ಟೆಯಾಕಾರದ ಅಣುಗಳಿಂದಾದುದನ್ನು, 1977ರಲ್ಲಿ ಜಗತ್ತಿಗೆ ತಿಳಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್. ಭೌತವಿಜ್ಞಾನವೂ ರಸಾಯನವೂ ಒಂದೇ ಸೂರಿನಡಿ ದುಡಿದುದರ ಫಲವದು. ಬೆಳಕಿನ ಶಾಸ್ತ್ರವನ್ನು ಮೆಚ್ಚಿ, ರಸಾಯನದ ಪುಸ್ತಕವನ್ನು ಪರೀಕ್ಷೆ ಮುಗಿದೊಡನೆ ಮೂಲೆಗೆಸೆಯುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಲಿ. ನಾಳಿನ ಮಸೂರವು ಆ ಪುಸ್ತಕದಿಂದಲೇ ಹುಟ್ಟಬಹುದು.